ಶೋರೂಮಿನ ಕಾಫಿಗೆ ಕರಗಬೇಡಿ

ಹೊಸ ಕಾರು ಕೊಳ್ಳಲು ಹೊರಟಿದ್ದೀರಿ, ತುಂಬ ಸಂತೋಷ. ಆದರೆ ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವ ನೀವು, ಶೋರೂಮಿನಲ್ಲಿ ಒಂದು ಲೋಟ ಕಾಫಿ ಕುಡಿದು ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬರುತ್ತೀರಲ್ಲ, ಇದು ಸರಿಯೇ?

"ಆನ್‌ರೋಡ್ ಎಷ್ಟು?" ಎಂದಷ್ಟೇ ಕೇಳಬೇಡಿ. ಎಕ್ಸ್‌ಶೋರೂಮ್ ಬೆಲೆ, ರಸ್ತೆ ತೆರಿಗೆ, ವಿಮೆ, ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ ಎಲ್ಲವನ್ನೂ ಬೇರೆಬೇರೆಯಾಗಿ ಬರೆದ ಕೊಟೇಶನ್ ಕೇಳಿ. ತೆರಿಗೆ ಸರ್ಕಾರಕ್ಕೆ ಹೋಗುವ ದುಡ್ಡು, ಅಲ್ಲಿ ಚೌಕಾಸಿ ನಡೆಯದು. ಉಳಿದದ್ದರಲ್ಲಿ ಮಾತಾಡಲು ಜಾಗ ಇದ್ದೇ ಇದೆ. 'ಹ್ಯಾಂಡ್ಲಿಂಗ್ ಚಾರ್ಜ್' ಎಂದು ಬರೆದಿದ್ದರೆ ಯಾಕೆಂದು ಕೇಳಿ, ತೆಗೆಸಿ. ಬೇಡದ ಟೆಫ್ಲಾನ್ ಕೋಟಿಂಗ್‌ಗೆ ಬೇಡ ಎನ್ನಲು ಸಂಕೋಚವೇಕೆ?

ವಿಮೆಯನ್ನು ಡೀಲರ್ ಹತ್ತಿರವೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. ಹೊರಗೆ ವಿಚಾರಿಸಿ, ಆ ಮೊತ್ತವನ್ನು ಅವರ ಮುಂದಿಡಿ. ಎಷ್ಟೋ ಸಲ ಅವರೇ ಇಳಿಯುತ್ತಾರೆ. ಹಳೆ ಕಾರಿಗೆ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದಲ್ಲ. ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 50% ವರೆಗೂ ಅದು ಉಳಿಸಿಕೊಡುತ್ತದೆ. ಪತ್ರ ಪಡೆದು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಿ.

ಹಳೆ ಕಾರಿನ ಎಕ್ಸ್‌ಚೇಂಜ್ ಮಾತು ಕೊನೆಗಿರಲಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಇಲ್ಲಿ ಕೊಟ್ಟಂತೆ ಮಾಡಿ ಅಲ್ಲಿ ಕಿತ್ತುಕೊಳ್ಳುತ್ತಾರೆ.

"ತಿಂಗಳಿಗೆ ಇಷ್ಟೇ ಕಂತು" ಎಂಬ ಮಾತಿಗೂ ಮರುಳಾಗಬೇಡಿ. ಐದು ವರ್ಷದ ಸಾಲಕ್ಕೆ 6% ಫ್ಲಾಟ್ ಬಡ್ಡಿ ಎಂದರೆ, ಬ್ಯಾಂಕಿನ ರಿಡ್ಯೂಸಿಂಗ್ ಲೆಕ್ಕದಲ್ಲಿ ಹತ್ತಿರಹತ್ತಿರ 11% ಆಗುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ.

ಆತುರಗಾರನಿಗೆ ಬುದ್ಧಿ ಮಟ್ಟ. ದಸರಾ, ಯುಗಾದಿಯ ನೂಕುನುಗ್ಗಲಿನಲ್ಲಿ ಯಾರೂ ಬೆಲೆ ಇಳಿಸಲು ತಲೆ ಕೆಡಿಸಿಕೊಳ್ಳುವುದಿಲ್ಲ. ಆಷಾಢದಲ್ಲಿ, ಟಾರ್ಗೆಟ್ ಮುಟ್ಟಬೇಕಾದ ತಿಂಗಳ ಕೊನೆಯಲ್ಲಿ, ಡಿಸೆಂಬರಿನಲ್ಲಿ ಹೋಗಿ ನೋಡಿ. ಒಂದೇ ಮಾಡೆಲ್‌ಗೆ ಎರಡು ಮೂರು ಡೀಲರ್‌ಗಳ ಕೊಟೇಶನ್ ಕೈಯಲ್ಲಿರಲಿ. ಏರುದನಿ ಮಾತ್ರ ಬೇಡ. ಎದುರಿಗಿರುವ ಹುಡುಗನೂ ಸಂಬಳಕ್ಕೆ ದುಡಿಯುವವನು. ಮಾತು ಬಲ್ಲವನಿಗೆ ಜಗಳವಿಲ್ಲ. ನಗುತ್ತಲೇ ಕೇಳಿ, ಒಪ್ಪದಿದ್ದರೆ ನಗುತ್ತಲೇ ಎದ್ದು ಬನ್ನಿ. ಸಂಜೆಯೊಳಗೆ ಅವರದೇ ಫೋನ್ ಬಂದರೆ ಆಶ್ಚರ್ಯಪಡಬೇಡಿ.

ಬಾಯಿಮಾತಿನ ಭರವಸೆ ನಂಬಿ ಅಡ್ವಾನ್ಸ್ ಕೊಡಬೇಡಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ರಿಯಾಯಿತಿ, ಉಚಿತ ಮ್ಯಾಟ್, ಡೆಲಿವರಿ ದಿನಾಂಕ, ಬುಕಿಂಗ್ ರದ್ದಾದರೆ ಹಣ ವಾಪಸು ಎಂಬುದು, ಎಲ್ಲವೂ ಸೀಲು-ಸಹಿಯೊಡನೆ ಕಾಗದದಲ್ಲಿರಲಿ.

ರಿಜಿಸ್ಟ್ರೇಶನ್‌ಗೆ ಮೊದಲು ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಬಣ್ಣ, ಟೈರು, ಓಡೋಮೀಟರ್ ಪರೀಕ್ಷಿಸಿ. ಛಾಸಿ ನಂಬರಿನಲ್ಲಿ ತಯಾರಾದ ತಿಂಗಳು, ವರ್ಷದ ಗುರುತಿರುತ್ತದೆ, ಅದನ್ನು ಓದಿಸಿಕೊಳ್ಳಿ. ಕಳೆದ ವರ್ಷದ ಗಾಡಿಯಾದರೆ ಇನ್ನಷ್ಟು ಇಳಿಸಲು ಕೇಳಿ, ಇಲ್ಲವೇ ಬೇರೆ ತರಿಸಿ. ನಂಬರ್ ಪ್ಲೇಟ್ ಬಿದ್ದ ಮೇಲೆ ನಿಮ್ಮ ಮಾತು ಕೇಳುವವರು ಕಡಿಮೆ. ಕೇಳಬೇಕಾದ್ದನ್ನೆಲ್ಲ ಅದಕ್ಕೆ ಮೊದಲೇ ಕೇಳಿಬಿಡಿ.