ಉಪ್ಪುನೀರಿನ ತೊಟ್ಟಿಯ ‘ಪಾಚಿ’: ವರ್ಗೀಕರಣ ಬೋಧನೆಗೆ ಒಂದು ಪ್ರಕರಣ

ಜೀವಿಗಳ ವರ್ಗೀಕರಣವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಪಟ್ಟಿಯಾಗಿ ಕಲಿಯುತ್ತಾರೆ. ಐದು ಸಾಮ್ರಾಜ್ಯಗಳ ಹೆಸರು, ಪ್ರತಿಯೊಂದಕ್ಕೂ ಎರಡು ಉದಾಹರಣೆ. ಪರೀಕ್ಷೆ ಮುಗಿದರೆ ಮರೆವು. ‘ಹೀಗೆ ಗುಂಪು ಮಾಡಿದರೆ ಆಗುವ ಉಪಯೋಗವೇನು?’ ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿಲ್ಲ. ಬೋಧನಾಭ್ಯಾಸದಲ್ಲಿ ಕರಾವಳಿಯ ಪ್ರೌಢಶಾಲೆಯೊಂದರ 9ನೇ ತರಗತಿಗೆ ನಾನು ರೂಪಿಸಿದ ಪಾಠ ಈ ಪ್ರಶ್ನೆಯಿಂದಲೇ ಹೊರಟಿತು. ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಾಡುವ ‘ಪಾಚಿ’ಯನ್ನು ಗುರುತಿಸಿ ಪರಿಹಾರ ಸೂಚಿಸುವುದು ಅದರ ಮುಖ್ಯ ಚಟುವಟಿಕೆ. ಇಲ್ಲಿ ಗುರುತು ತಪ್ಪಿದರೆ ಚಿಕಿತ್ಸೆ ತಪ್ಪುತ್ತದೆ. ಚಿಕಿತ್ಸೆ ತಪ್ಪಿದರೆ ತೊಟ್ಟಿಯ ಜೀವಿಗಳು ಸಾಯಬಹುದು.

ಪಾಠದ ಚೌಕಟ್ಟು

ಅವಧಿ: 40 ನಿಮಿಷ
ಪೂರ್ವಜ್ಞಾನ: ಕೋಶಕೇಂದ್ರವಿರುವ ಮತ್ತು ಇಲ್ಲದ ಜೀವಕೋಶಗಳು, ದ್ಯುತಿಸಂಶ್ಲೇಷಣೆ
ಕಲಿಕಾ ಫಲ: ‘ಪಾಚಿ’ ಎಂದು ಕರೆಯುವ ಜೀವಿಗಳು ಬೇರೆ ಬೇರೆ ಸಾಮ್ರಾಜ್ಯಗಳಿಗೆ ಸೇರಿವೆ ಎಂಬುದನ್ನು ಪುರಾವೆಯೊಂದಿಗೆ ವಿವರಿಸುವುದು
ಕಲಿಕೋಪಕರಣಗಳು: ಬಣ್ಣದ ಚಿತ್ರಗಳು, ಪ್ರಕರಣ ಚೀಟಿಗಳು, ಸೂಕ್ಷ್ಮದರ್ಶಕ, ಹಸಿರು ಶೈವಲದ ಮತ್ತು ಕಂದು ಧೂಳಿನ ಸ್ಲೈಡುಗಳು

ವಿಷಯ ವಿಶ್ಲೇಷಣೆ

*ಕಂದು ಧೂಳು.* ಹೊಸ ತೊಟ್ಟಿಯ ಗಾಜು ಮತ್ತು ಮರಳಿನ ಮೇಲೆ ಮೊದಲ ಕೆಲವು ವಾರಗಳಲ್ಲಿ ಕೂರುವ ಈ ಪದರ ಬೆರಳಿಗೆ ಸುಲಭವಾಗಿ ಅಳಿಸುತ್ತದೆ. ಇವು ಡಯಾಟಮ್‌ಗಳು: ಸಿಲಿಕಾದ ಚಿಪ್ಪಿರುವ ಏಕಕೋಶ ಜೀವಿಗಳು, ಪ್ರೊಟಿಸ್ಟಾ ಗುಂಪಿನವು. ನೀರಿನ ಸಿಲಿಕೇಟ್ ಖರ್ಚಾದಂತೆ ತಾವಾಗಿಯೇ ಇಳಿಯುತ್ತವೆ. ನಲ್ಲಿ ನೀರಿನ ಬದಲು ಆರ್‌ಒ ನೀರು ಬಳಸಿ ಸ್ವಲ್ಪ ಕಾಯ್ದರೆ ಸಾಕು.

*ಹಸಿರು ಕೂದಲು.* ಕಲ್ಲಿಗೆ ಬಲವಾಗಿ ಅಂಟಿಕೊಂಡ ಎಳೆಗಳು. ನಿಜವಾದ ಹಸಿರು ಶೈವಲ. ಹೆಚ್ಚಾದ ಆಹಾರ ಮತ್ತು ಮೀನಿನ ಮಲದಿಂದ ಬರುವ ನೈಟ್ರೇಟ್, ಫಾಸ್ಫೇಟ್‌ಗಳೇ ಇದಕ್ಕೆ ಗೊಬ್ಬರ. ಕೈಯಿಂದ ಕಿತ್ತು, ಆಹಾರ ಕಡಿಮೆ ಮಾಡಿ, ನೀರು ಬದಲಿಸಬೇಕು. ಶೈವಲ ಮೇಯುವ ಟರ್ಬೊ ಬಸವನಹುಳುಗಳು ಉಳಿದ ಕೆಲಸ ಮಾಡುತ್ತವೆ.

*ಹಸಿರು ಗುಳ್ಳೆ.* ಗಾಜಿನ ಗೋಲಿಯಂತೆ ಹೊಳೆಯುವ ವಲೋನಿಯಾ. ಗೋಲಿ ಗಾತ್ರದ ಒಂದು ಗುಳ್ಳೆ ಒಂದೇ ಜೀವಕೋಶ! ‘ಏಕಕೋಶ ಜೀವಿ ಕಣ್ಣಿಗೆ ಕಾಣುವುದಿಲ್ಲ’ ಎಂಬ ತಪ್ಪು ಕಲ್ಪನೆಯನ್ನು ಒಡೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಗುಳ್ಳೆಯನ್ನು ಒಡೆಯದೆ ಬುಡಸಮೇತ ತೆಗೆಯಬೇಕು.

*ಕೆಂಪು ಲೋಳೆ.* ನೀರಿನ ಹರಿವು ಕಡಿಮೆ ಇರುವಲ್ಲಿ ಕೆನ್ನೇರಳೆ ಹಾಳೆಯಂತೆ ಹಬ್ಬುತ್ತದೆ, ಹಾಳೆಯಂತೆಯೇ ಏಳುತ್ತದೆ. ಇದು ಶೈವಲವೇ ಅಲ್ಲ. ಕೋಶಕೇಂದ್ರವಿಲ್ಲದ ಸೈನೋಬ್ಯಾಕ್ಟೀರಿಯಾ, ಮೊನೆರಾ ಸಾಮ್ರಾಜ್ಯದ್ದು. ಆದ್ದರಿಂದಲೇ ಎರಿಥ್ರೊಮೈಸಿನ್‌ನಂಥ ಪ್ರತಿಜೀವಕ ಇದರ ಮೇಲೆ ಕೆಲಸ ಮಾಡುತ್ತದೆ. ಆದರೆ ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳಿಗೂ ಅದರಿಂದ ಹಾನಿಯಾಗಬಹುದು. ಪೈಪಿನಿಂದ ಹೀರಿ ತೆಗೆದು, ಹರಿವು ಹೆಚ್ಚಿಸಿ, ಕೊಳೆತ ಆಹಾರ ತೆಗೆಯುವುದೇ ಮೊದಲ ದಾರಿ.

*ಕಂದು ಸಿಂಬಳ.* ಗಾಳಿಗುಳ್ಳೆಗಳನ್ನು ಹಿಡಿದುಕೊಂಡ ಜಿಗುಟು ಎಳೆಗಳು. ರಾತ್ರಿ ಕುಗ್ಗಿ, ಹಗಲು ಮತ್ತೆ ಹಬ್ಬುತ್ತವೆ. ಇವು ಡೈನೋಫ್ಲಾಜೆಲ್ಲೇಟ್‌ಗಳು, ಕಶಾಂಗದಿಂದ ಚಲಿಸುವ ಪ್ರೊಟಿಸ್ಟಾಗಳು. ಕೆಲವು ಜಾತಿಗಳ ವಿಷದಿಂದ ಬಸವನಹುಳುಗಳು ಸಾಯುತ್ತವೆ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದ ‘ಅತಿ ಸ್ವಚ್ಛ’ ತೊಟ್ಟಿಯಲ್ಲೇ ಇವು ಹೆಚ್ಚಾಗಿ ಏಳುತ್ತವೆ. ಹಸಿರು ಕೂದಲಿಗೆ ಮಾಡಿದಂತೆ ಪೋಷಕಾಂಶ ಇಳಿಸಿದರೆ ಇಲ್ಲಿ ಹಾನಿಯೇ ಹೆಚ್ಚು. ಪೋಷಕಾಂಶವನ್ನು ಸ್ವಲ್ಪ ಏರಿಸಿ, ಕೆಲವು ದಿನ ಬೆಳಕು ಆರಿಸಿ, ನೀರಿನಲ್ಲಿ ತೇಲುವ ಜಾತಿಗಳಾದರೆ ಯುವಿ ದೀಪ ಬಳಸುತ್ತಾರೆ.

ಡಯಾಟಮ್ ಮತ್ತು ಡೈನೋಫ್ಲಾಜೆಲ್ಲೇಟ್ ಎರಡೂ ಕಂದು. ಇವನ್ನು ಬೇರ್ಪಡಿಸಲು ಒಂದು ಸರಳ ಪರೀಕ್ಷೆಯಿದೆ. ಮಾದರಿಯನ್ನು ತೊಟ್ಟಿಯ ನೀರಿನಲ್ಲಿ ಚೆನ್ನಾಗಿ ಕುಲುಕಿ, ಶೋಧಕ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಸುಮಾರು ಒಂದು ಗಂಟೆ ಇಡಬೇಕು. ಎಳೆಗಳು ಮತ್ತೆ ಕೂಡಿಕೊಂಡರೆ ಅದು ಡೈನೋಫ್ಲಾಜೆಲ್ಲೇಟ್. ವಿಷದ ಸಾಧ್ಯತೆ ಇರುವುದರಿಂದ ಈ ಪರೀಕ್ಷೆಯನ್ನು ತರಗತಿಯಲ್ಲಿ ಮಾಡಿಸದೆ ಚಿತ್ರಗಳ ಮೂಲಕ ತೋರಿಸಿದೆ.

ತರಗತಿ ಪ್ರಕ್ರಿಯೆ

*ತೊಡಗಿಸಿಕೊಳ್ಳುವಿಕೆ:* ಐದು ಚಿತ್ರಗಳನ್ನು ತೋರಿಸಿ ‘ಇವು ಏನು?’ ಎಂದೆ. ಇಡೀ ತರಗತಿ ‘ಪಾಚಿ’ ಎಂದಿತು. ಕಪ್ಪುಹಲಗೆಯ ಮೇಲೆ ಆ ಒಂದೇ ಪದ ಬರೆದು ಹಾಗೆಯೇ ಬಿಟ್ಟೆ.

*ಅನ್ವೇಷಣೆ:* ಐದು ಗುಂಪುಗಳಿಗೆ ಒಂದೊಂದು ಪ್ರಕರಣ ಚೀಟಿ. ಅದರಲ್ಲಿ ತೊಟ್ಟಿಯ ವಯಸ್ಸು, ಬಣ್ಣ, ಮುಟ್ಟಿದಾಗಿನ ಅನುಭವ, ರಾತ್ರಿಯ ಬದಲಾವಣೆ, ನೀರಿನ ಪರೀಕ್ಷೆಯ ಫಲಿತಾಂಶ ಇದ್ದವು; ಹೆಸರು ಇರಲಿಲ್ಲ. ಗುಂಪುಗಳು ಸರದಿಯಂತೆ ಸ್ಲೈಡುಗಳನ್ನೂ ನೋಡಿದವು.

*ವಿವರಣೆ:* ಕೋಶಕೇಂದ್ರ ಇದೆಯೇ, ಏಕಕೋಶವೇ, ಚಲಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳಿಂದ ಪ್ರತಿ ಗುಂಪು ತನ್ನ ಜೀವಿಯ ಸ್ಥಾನ ಹುಡುಕಿತು. ‘ಟೀಚರ್, ಬ್ಯಾಕ್ಟೀರಿಯಾ ಆದರೆ ಇದನ್ನು ಪಾಚಿ ಅಂತ ಯಾಕೆ ಕರೆಯೋದು?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನೋಟಕ್ಕೆ ಇಟ್ಟ ಹೆಸರು ಮತ್ತು ರಚನೆಗೆ ಇಟ್ಟ ಹೆಸರು ಬೇರೆ ಎಂಬ ಚರ್ಚೆ ಅಲ್ಲಿಂದ ತಾನಾಗಿ ಬೆಳೆಯಿತು.

*ವಿಸ್ತರಣೆ:* 2020ರ ಕೊನೆಯಲ್ಲಿ ನಮ್ಮ ಕರಾವಳಿಯ ಕೆಲವೆಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದುದನ್ನು ಹಲವರು ನೆನಪಿಸಿಕೊಂಡರು. ಅದಕ್ಕೆ ಕಾರಣವೆಂದು ಗುರುತಿಸಿದ ನಾಕ್ಟಿಲೂಕ ಕೂಡ ಡೈನೋಫ್ಲಾಜೆಲ್ಲೇಟ್ ಎಂದಾಗ ತೊಟ್ಟಿಯ ಪಾಠ ಸಮುದ್ರಕ್ಕೆ ತಲುಪಿತು.

*ಮೌಲ್ಯಮಾಪನ:* ‘ಒಂದು ವರ್ಷ ಹಳೆಯ ತೊಟ್ಟಿ. ಕಂದು ಎಳೆಗಳು, ರಾತ್ರಿ ಕಡಿಮೆ. ನೈಟ್ರೇಟ್ ಸೊನ್ನೆ. ಎರಡು ಬಸವನಹುಳು ಸತ್ತಿವೆ. ಮಾಲೀಕರು ಆಹಾರ ಇನ್ನೂ ಕಡಿಮೆ ಮಾಡಲು ಹೊರಟಿದ್ದಾರೆ. ನಿಮ್ಮ ಸಲಹೆ ಏನು? ಕಾರಣ ಕೊಡಿ.’

ಸಹಪ್ರಶಿಕ್ಷಣಾರ್ಥಿಗಳಿಗೆ ಸಲಹೆ

ವರ್ಗೀಕರಣದ ಕೋಷ್ಟಕವನ್ನು ಮೊದಲೇ ಬರೆದುಕೊಡಬೇಡಿ. ಪ್ರಕರಣ ಮೊದಲು, ಕೋಷ್ಟಕ ನಂತರ ಬರಲಿ. ಆಗ ಪ್ರತಿ ಲಕ್ಷಣವೂ ವಿದ್ಯಾರ್ಥಿಗೆ ಬೇಕಾದ ಸುಳಿವಾಗುತ್ತದೆ. ಸಮುದ್ರ ದೂರವಿರುವ ಊರಿನಲ್ಲಿ ಕೆರೆ, ಬಾವಿಕಟ್ಟೆ, ನೀರಿನ ಟ್ಯಾಂಕುಗಳ ಮಾದರಿಗಳಿಂದ ಇದೇ ಪಾಠ ಕಟ್ಟಬಹುದು. ಮೌಲ್ಯಮಾಪನದಲ್ಲಿ ಜೀವಿಯ ಹೆಸರಿಗೆ 1 ಅಂಕ, ಆ ಹೆಸರಿಗೆ ಕೊಟ್ಟ ಪುರಾವೆಗೆ 2 ಅಂಕ, ಅದರಿಂದ ಹೊರಡುವ ಚಿಕಿತ್ಸೆಗೆ 2 ಅಂಕ ಇಡಿ. ಬಾಯಿಪಾಠದಿಂದ ಮೊದಲ ಅಂಕವನ್ನಷ್ಟೇ ಗಳಿಸಬಹುದು.