ಗಜನಿಗೆ ಉಪ್ಪುನೀರು ನುಗ್ಗಿದರೆ ಗದ್ದೆ ಒಣಗಿಸಬೇಡಿ

ಅಮಾವಾಸ್ಯೆಯ ಭರತ ಬಂದುಹೋದ ಮೇಲೆ ಅಘನಾಶಿನಿ ಅಳಿವೆಯ ಗಜನಿ ಭತ್ತದ ಗದ್ದೆಗಳಿಂದ ಒಂದೇ ದೂರು. ದಂಡೆ ಒಡೆದು ಉಪ್ಪುನೀರು ನುಗ್ಗಿದೆ, ನೆಟ್ಟ ಸಸಿಯ ತುದಿ ಸುಟ್ಟು ಬಿಳಿಚಿದೆ, ಯಾವ ಔಷಧ ಹೊಡೆಯಲಿ? ಔಷಧ ಬೇಡ. ಇದು ರೋಗವಲ್ಲ, ಉಪ್ಪು. ಅದನ್ನು ತೊಳೆಯುವುದು ಮಳೆನೀರೊಂದೇ.

ಹೋದಲ್ಲೆಲ್ಲ ಕಂಡ ತಪ್ಪೂ ಒಂದೇ. ನೀರು ಇಳಿದ ಕೂಡಲೇ ಗದ್ದೆ ಒಣಗಲೆಂದು ಬಿಟ್ಟು, ಮೇಲೆ ಯೂರಿಯಾ ಎರಚುತ್ತಾರೆ. ಎರಡು ಬಿಸಿಲು ಬಿದ್ದರೆ ಸಾಕು, ಕೆಳಗಿನ ಉಪ್ಪು ಮೇಲೆದ್ದು ಬೇರಿನ ಬಳಿ ಕೂರುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ ಕಂಡಿತೋ, ಗದ್ದೆ ಒಣಗಿಸಿದ್ದೀರಿ ಎಂದೇ ಅರ್ಥ. ವರ್ಷವೂ ಇದನ್ನೇ ಎಷ್ಟು ಸಲ ಹೇಳುವುದು!

ಮೊದಲು ದಂಡೆ ಮುಚ್ಚಿ. ಇಳಿತದಲ್ಲಿ ಜಂತ್ರಡಿ (ದಂಡೆಯ ತೂಬಿನ ಬಾಗಿಲು) ತೆಗೆದು ಉಪ್ಪುನೀರು ಪೂರ್ತಿ ಬಸಿಯಿರಿ, ಭರತ ಏರುವ ಮುನ್ನ ಹಾಕಿ. ಸಿಗುವುದು ಸುಮಾರು ಆರು ಗಂಟೆ. ಬೆಳಿಗ್ಗೆ ನೋಡೋಣವೆಂದು ಮಲಗಿದರೆ ರಾತ್ರಿಯ ಭರತ ಮತ್ತೆ ಒಳಗೆ ಬಂದಿರುತ್ತದೆ. ಆಮೇಲೆ ಮಳೆನೀರನ್ನು 4 ಇಂಚು ಕಟ್ಟಿ, ಸಸಿ ಮುಳುಗದಂತೆ ಎರಡು ದಿನ ನಿಲ್ಲಿಸಿ, ಇಳಿತದಲ್ಲಿ ಬಸಿದು ಅದೇ ದಿನ ಹೊಸ ನೀರು ಕಟ್ಟಿ. ಹೀಗೆ ಮೂರ್ನಾಲ್ಕು ಸಲ. ನಿಂತ ನೀರನ್ನು ಬಾಟಲಿಯಲ್ಲಿ ತಂದು ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ, ಡಿ.ಎಸ್./ಮೀ.) ನೋಡಿಸಿ. ಅದು 2ಕ್ಕಿಂತ ಕೆಳಗಿಳಿಯುವವರೆಗೆ ಗೊಬ್ಬರದ ಚೀಲ ಬಿಚ್ಚಬೇಡಿ.

ಬಿಚ್ಚಿದ ಮೇಲೂ ಯೂರಿಯಾ ಕಂತಿಗೆ ಎಕರೆಗೆ 18 ಕಿಲೋ ಮೀರಬಾರದು. ಎಕರೆಗೆ 8 ಕಿಲೋ ಸತುವಿನ ಸಲ್ಫೇಟ್ ಬೇರೆಯಾಗಿಯೇ ಹಾಕಿ, ರಂಜಕದ ಗೊಬ್ಬರದ ಜೊತೆ ಕಲಸಿದರೆ ಹಣ ನೀರುಪಾಲು. ಹೊಸ ಎಲೆಯ ಬುಡ ಬಿಳಿಚಿದರೆ 100 ಲೀಟರ್ ನೀರಿಗೆ 500 ಗ್ರಾಂ ಸತುವಿನ ಸಲ್ಫೇಟ್, 250 ಗ್ರಾಂ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಿ. ಸತ್ತಲ್ಲಿ 30 ದಿನದ ಸಸಿಯನ್ನೇ ಗುಣಿಗೆ ನಾಲ್ಕರಂತೆ ನೆಡಿ. ಎಳೆಯ ಸಸಿ ಉಪ್ಪಿಗೆ ನಿಲ್ಲದು.

ಬಯಲುಸೀಮೆಯ ನೆಂಟರು ಹೇಳಿದರೆಂದು ಜಿಪ್ಸಂ ತರುವವರಿದ್ದಾರೆ. ಅದು ಕ್ಷಾರ ಮಣ್ಣಿಗೆ. ರಸಸಾರ 8.5 ದಾಟಿದೆಯೇ ಎಂದು ಮಣ್ಣು ಪರೀಕ್ಷೆ ಮಾಡಿಸದೆ ಒಂದು ಚೀಲವನ್ನೂ ಕೊಳ್ಳಬೇಡಿ. ಹೊಸ ದಂಡೆಯ ಯೋಜನೆ ಯಾವಾಗ ಬರುತ್ತದೆಂದೂ ಕೇಳುತ್ತಾರೆ. ಅದನ್ನು ಕಾಯುತ್ತ ಕೂತರೆ ಈ ಬೆಳೆ ಉಳಿಯುವುದಿಲ್ಲ, ಬಿರುಕಿಗೆ ಇವತ್ತೇ ಮಣ್ಣು ಹಾಕಿ.

ಜಂತ್ರಡಿ ಪಕ್ಕದ ತಗ್ಗಿನಲ್ಲಿ ಮುಂದಿನ ವರ್ಷ ಕಗ್ಗ ಭತ್ತವನ್ನೇ ಬಿತ್ತಿ. ನೆರೆ ತಾಳುವ ತಳಿಯೆಲ್ಲ ಉಪ್ಪು ತಾಳುವುದಿಲ್ಲ, ಕಗ್ಗ ಎರಡನ್ನೂ ತಾಳುತ್ತದೆ. ಬೀಜವನ್ನು ಈ ಕೊಯ್ಲಿನಲ್ಲೇ ತೆಗೆದಿಡಿ.