ಮಧುಮೇಹಿಗಳ ಪಾದ ಸಂರಕ್ಷಣೆ: ನೋವಿಲ್ಲದ ಗಾಯದ ಅಪಾಯ

ಕಾಲಿಗೆ ಮುಳ್ಳು ಚುಚ್ಚಿದವನನ್ನು ನೋವು ನಿಲ್ಲಿಸುತ್ತದೆ. ಅವನು ಕೂತು ಮುಳ್ಳನ್ನು ತೆಗೆಯುತ್ತಾನೆ. ರಕ್ತದಲ್ಲಿ ಸಕ್ಕರೆಯ ಅಂಶ ಹಲವು ವರ್ಷಗಳ ಕಾಲ ಹೆಚ್ಚಾಗಿಯೇ ಉಳಿದರೆ ಪಾದದ ನರಗಳು ಕ್ರಮೇಣ ದುರ್ಬಲಗೊಂಡು ಈ ನೋವೇ ತಿಳಿಯದಂತಾಗಬಹುದು. ಅಂಥವರು ಮುರಿದ ಮುಳ್ಳಿನೊಡನೆಯೇ ಸಂಜೆಯವರೆಗೆ ಹೊಲದಲ್ಲಿ ನಡೆದಾಡುತ್ತಾರೆ. ರಕ್ತನಾಳಗಳೂ ಕಿರಿದಾಗಿದ್ದಲ್ಲಿ ಗಾಯ ಮಾಯುವುದು ತಡವಾಗುತ್ತದೆ. ಸೋಂಕು ಮೂಳೆಗೆ ಇಳಿದ ಮೇಲೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ ಒದಗಬಹುದು. ಕೂಲಿಯಿಂದ ಬದುಕುವ ಕುಟುಂಬಕ್ಕೆ ಅದು ದುಡಿಮೆಯನ್ನೇ ಕಳೆದುಕೊಂಡಂತೆ.

"ನೋವಿಲ್ಲ, ತಾನಾಗಿಯೇ ವಾಸಿಯಾಗುತ್ತದೆ" ಎಂಬ ಮಾತು ಗ್ರಾಮಗಳಲ್ಲಿ ಆಗಾಗ ಕೇಳಿಬರುತ್ತದೆ. ಮಧುಮೇಹಿಯ ವಿಷಯದಲ್ಲಿ ಅದು ತದ್ವಿರುದ್ಧ: ಗಾಯವಿದ್ದೂ ನೋವಿಲ್ಲದಿರುವುದೇ ಆಸ್ಪತ್ರೆಗೆ ಹೋಗಲು ಕಾರಣ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡಿದ ಡಾ. ಪಾಲ್ ಬ್ರಾಂಡ್ ಅವರು, ಆ ರೋಗಿಗಳ ಕಾಲಿನ ಹುಣ್ಣುಗಳಿಗೆ ಸ್ಪರ್ಶಜ್ಞಾನ ನಾಶವೇ ಮುಖ್ಯ ಕಾರಣವೆಂದು ಕಂಡುಕೊಂಡಿದ್ದರು. ಕುಷ್ಠರೋಗಿಗಳಿಗೆ ನೀಡಲಾಗುವ ಮೃದು ರಬ್ಬರಿನ ಎಂ.ಸಿ.ಆರ್. ಪಾದರಕ್ಷೆಯನ್ನು ಸ್ಪರ್ಶ ಕಳೆದುಕೊಂಡ ಮಧುಮೇಹಿಗಳಿಗೂ ವೈದ್ಯರು ಸೂಚಿಸುತ್ತಾರೆ.

ಪಾದ ತಿಳಿಸದಿರುವುದನ್ನು ಕಣ್ಣು ನೋಡಿ ತಿಳಿಯಬೇಕು. ಪ್ರತಿ ಸಂಜೆ ಪಾದ ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಅಂಗಾಲನ್ನು ಪರಿಶೀಲಿಸಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು, ಇಲ್ಲವೇ ಮನೆಯವರ ನೆರವು ಪಡೆಯಬಹುದು. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು; ಬೆರಳ ಸಂದಿಗೆ ಬೇಡ. ಬಿಸಿನೀರಿನ ಹದವನ್ನು ಮೊಣಕೈಯಿಂದ ನೋಡಬೇಕು, ಪಾದದಿಂದಲ್ಲ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಬಿಗಿಯಾದ ಕಾಲುಂಗುರವನ್ನು ಸಡಿಲಿಸಬೇಕು. ಚಪ್ಪಲಿಯನ್ನು ಕೊಡವಿ ಮೆಟ್ಟಬೇಕು. ಮನೆಯೊಳಗೂ ಬರಿಗಾಲು ಸಲ್ಲದು. ನಡುಹಗಲಿನ ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡದ್ದು ಅನೇಕರಿಗೆ ಮರುದಿನವೇ ತಿಳಿಯುತ್ತದೆ. ಹರಕೆಗೆ ಮುಂಜಾನೆಯ ತಂಪು ಹೊತ್ತೂ ಸಲ್ಲುತ್ತದೆ. ಕೊಂಡ ಹಾಯುವುದನ್ನಂತೂ ಮಧುಮೇಹಿಗಳು ಕೈಬಿಡಲೇಬೇಕು.

ಮಧುಮೇಹಿಯ ಪಾದಗಳನ್ನು ವರ್ಷಕ್ಕೊಮ್ಮೆಯಾದರೂ ಆರೋಗ್ಯ ಸಿಬ್ಬಂದಿ ಪರೀಕ್ಷಿಸಬೇಕು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶಜ್ಞಾನ ತಿಳಿಯುವ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಪಡೆದು ಹಿಂದಿರುಗುವವರು ಪಾದ ತೋರಿಸುವುದು ವಿರಳ. ಸದಸ್ಯರು ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಹಾಗೂ ಸಮುದಾಯ ಆರೋಗ್ಯ ಅಧಿಕಾರಿಯೊಡನೆ ಚರ್ಚಿಸಿ, ಔಷಧ ವಿತರಣೆಯ ದಿನವೇ ಪಾದ ಪರೀಕ್ಷೆಗೂ ಏರ್ಪಾಡು ಮಾಡಿಸುವುದು ಸೂಕ್ತ. ಉದ್ಯೋಗ ಖಾತ್ರಿ ಕಾಮಗಾರಿ ಸ್ಥಳದ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಶುಚಿಯಾದ ಪಟ್ಟಿಬಟ್ಟೆ ನಿಜಕ್ಕೂ ಇದೆಯೇ ಎಂಬುದನ್ನು ತೆರೆದು ನೋಡತಕ್ಕದ್ದು.

ಪಾದದಲ್ಲಿ ಹುಣ್ಣು, ಕೀವು, ದುರ್ವಾಸನೆ, ಕಪ್ಪಾದ ಚರ್ಮ ಕಂಡುಬಂದರೆ, ಅಥವಾ ಗಾಯವಿಲ್ಲದೆಯೇ ಒಂದು ಪಾದ ಕೆಂಪಾಗಿ, ಬೆಚ್ಚಗಾಗಿ ಊದಿಕೊಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಜೊತೆಗೆ ಜ್ವರವೂ ಇದ್ದಲ್ಲಿ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡುವುದು.